ಅವತಾರ್ ಫೋಟೊದಲ್ಲಿ ಮುಖ ಬದನೆಕಾಯಿ ಆಗ್ತಿದೆಯಾ? ಮೂಗಿನ ಸ್ಲೈಡರ್ ಮುಟ್ಟುವ ಮೊದಲು ಇಷ್ಟು ನೋಡಿ

ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ 3ಡಿ ಲೋಕದಲ್ಲಿ ನನ್ನ ಅವತಾರ್‌ನ (ಅಲ್ಲಿ ನನ್ನ ಬದಲು ಓಡಾಡುವ ಗೊಂಬೆ) ನಾನು ತೆಗೆದ ಮೊದಲ ಫೋಟೊ ಇನ್ನೂ ನನ್ನ ಹತ್ತಿರ ಇದೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ಹುಡುಕಿ ಹುಡುಕಿ ತಂದ ಹಸಿರು ಸೀರೆ, ಮುಡಿಯಲ್ಲಿ ಮಲ್ಲಿಗೆ, ಎಲ್ಲ ಸರಿ. ಮುಖ ಮಾತ್ರ ಬದನೆಕಾಯಿ. ಮೂಗು ಒಂದು ಗೇಣು ಮುಂದೆ, ಕಣ್ಣಿನ ಕೆಳಗೆ ಕಾಡಿಗೆ ಚೆಲ್ಲಿದ ಹಾಗೆ ಕಪ್ಪು, ದುಡ್ಡು ಕೊಟ್ಟು ತಂದ ಜುಮುಕಿ ಕಾಣುವುದೇ ಇಲ್ಲ, ಯಾಕಂದ್ರೆ ಕಿವಿಯೇ ಕಾಣ್ತಿಲ್ಲ.

ಶೇಪ್‌ನಲ್ಲೇ, ಅಂದರೆ ಮೈ-ಮುಖದ ಅಳತೆಗಳಲ್ಲೇ, ದೋಷ ಅಂದುಕೊಂಡೆ. ಮೂರು ವಾರ ಮೂಗಿನ ಸ್ಲೈಡರ್ ಎಳೆದಾಡಿದೆ. ಒಂದಿಷ್ಟು ಸಣ್ಣ ಮಾಡು, ಫೋಟೊ ತೆಗೆ, ಇನ್ನಿಷ್ಟು ಸಣ್ಣ ಮಾಡು, ಮತ್ತೆ ತೆಗೆ. ಕೊನೆಗೆ ಎದುರಿನಿಂದ ಮುಖ ಹೇಗೋ ಒಪ್ಪುವಂತಾಯಿತು. ಆಮೇಲೆ ಪಕ್ಕದಿಂದ ನೋಡಿದರೆ ಮೂಗೇ ಇಲ್ಲ! ಲಟ್ಟಣಿಗೆ ಆಡಿಸಿದ ಹಾಗೆ ಚಪ್ಪಟೆ.

ತಪ್ಪು ಮೂಗಿನದಾಗಿರಲಿಲ್ಲ, ಕ್ಯಾಮೆರಾದ್ದು. ಆಮೇಲೆ ಎಷ್ಟೋ ಜನರ ಫೋಟೊ ಸರಿಮಾಡಿಕೊಟ್ಟಿದ್ದೇನೆ, ಶೇಪ್ ನಿಜವಾಗಿ ಕೆಟ್ಟಿದ್ದು ಬಹಳ ಕಡಿಮೆ. ಅದಕ್ಕೇ ಈ ಬರಹದಲ್ಲಿ ಶೇಪ್ ಕಟ್ಟಕಡೆಗೆ ಬರುತ್ತದೆ. ಮೇಲಿನಿಂದ ಕೆಳಗೆ ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಒಂದು ಫೋಟೊ ತೆಗೆದಿಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಆ ಲೋಕವನ್ನು ತೆರೆದು ತೋರಿಸುವ ಪ್ರೋಗ್ರಾಮಿಗೆ ವ್ಯೂಯರ್ ಅನ್ನುತ್ತಾರೆ, ನಾನು ಬಳಸುವುದು ಫೈರ್‌ಸ್ಟಾರ್ಮ್. ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್‌ನವರ ಸ್ವಂತ ವ್ಯೂಯರ್‌ನಲ್ಲೂ ಹೆಚ್ಚಿನವು ಹೀಗೇ ಇವೆ, ಮೆನು ಮಾತ್ರ ಅಲ್ಲಿ ಇಲ್ಲಿ ಬೇರೆ.

ಮುಖ ಮಸುಕು, ಬೂದು, ಅಥವಾ ಬರೀ ಮೋಡ

ಇದು ಫೋಟೊ ಸಮಸ್ಯೆಯೇ ಅಲ್ಲ, ಸ್ಕಿನ್, ಅಂದರೆ ಅವತಾರ್‌ನ ಚರ್ಮದ ಚಿತ್ರ, ಇನ್ನೂ ಪೂರ್ತಿ ಬಂದಿಲ್ಲ. ಚರ್ಮ, ಮೇಕಪ್, ಟ್ಯಾಟೂ ಪದರಗಳನ್ನೆಲ್ಲ ಒಂದಾಗಿ ಬೇಯಿಸುವ ಕೆಲಸ 2013ರಿಂದ ಸರ್ವರ್ ಕಡೆ ನಡೆಯುತ್ತದೆ, ಅಲ್ಲಿಂದ ನಿಮಗೆ ಇಳಿದು ಬರಬೇಕು. ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ. ಆಗಲೂ ಬರದಿದ್ದರೆ ಕಂಟ್ರೋಲ್, ಆಲ್ಟ್, ಆರ್ ಒತ್ತಿ, ಮತ್ತೆ ಬೇಯುತ್ತದೆ. ಜನಜಂಗುಳಿಯ ಕ್ಲಬ್ಬಿನಲ್ಲಿ ನಿಂತು ಈ ಪರದಾಟ ಬೇಡ, ಖಾಲಿ ಜಾಗಕ್ಕೆ ಹೋಗಿ. ಹೊಸದಾಗಿ ಕೊಂಡ ಸಾಮಾನು ಮಾತ್ರ ಬಿಳಿಯಾಗಿಯೋ ಬೂದಾಗಿಯೋ ಕಾಣುತ್ತಿದ್ದರೆ ನಿಮ್ಮ ವ್ಯೂಯರ್ ಹಳೆಯದಿರಬಹುದು. ಪಿಬಿಆರ್ ಅನ್ನುವ ಹೊಸ ಬಗೆಯ ಮೆಟೀರಿಯಲ್ ಅಧಿಕೃತ ವ್ಯೂಯರ್‌ಗೆ 2023ರ ಕೊನೆಗೆ, ಫೈರ್‌ಸ್ಟಾರ್ಮ್‌ಗೆ 2024ರಲ್ಲಿ ಬಂತು. ಅದಕ್ಕಿಂತ ಹಿಂದಿನ ವ್ಯೂಯರ್‌ಗೆ ಅದು ಓದಲು ಬರುವುದಿಲ್ಲ.

ಎಲ್ಲದಕ್ಕೂ ಮೊದಲು ಕ್ಯಾಶ್ (ಈಗಾಗಲೇ ಇಳಿದು ಕಂಪ್ಯೂಟರಿನಲ್ಲಿ ಉಳಿದಿರುವ ಫೈಲುಗಳು) ಅಳಿಸಿ ಅನ್ನುವವರ ಮಾತು ಕೇಳಬೇಡಿ. ಅಳಿಸಿದರೆ ಇದ್ದದ್ದೆಲ್ಲ ಮತ್ತೆ ಇಳಿಯಬೇಕು, ಮಸುಕು ಇನ್ನೂ ಜಾಸ್ತಿ ಹೊತ್ತು ಇರುತ್ತದೆ.

ಮೂಗು ದಪ್ಪ, ಹಣೆ ಉಬ್ಬು, ಕಿವಿ ಮಾಯ

ನನ್ನ ಮೂರು ವಾರ ನುಂಗಿದ್ದು ಇದೇ. ಮೊದಲು ಪತ್ತೆ ಮಾಡುವುದು ಹೇಗೆ ಅಂತ ನೋಡೋಣ. ಎದುರಿನಿಂದ ತೆಗೆದ ಫೋಟೊದಲ್ಲಿ ಕಿವಿ ಹುಡುಕಿ. ಕೂದಲು ಮುಚ್ಚಿಲ್ಲದಿದ್ದರೂ ಕಿವಿ ಕೆನ್ನೆಯ ಹಿಂದೆ ಅಡಗಿದ್ದರೆ ಅದು ಲೆನ್ಸಿನ ದೋಷ. ನಮ್ಮ ಮನೆ ಬಾಗಿಲಿಗೆ ಹಾಕಿಸುತ್ತೇವಲ್ಲ ಆ ಕಿಂಡಿ ಗಾಜು, ಅದರಲ್ಲಿ ನೋಡಿದರೆ ಹಾಲಿನವನ ಮುಖವೂ ಹಾಗೇ ಕಾಣುತ್ತದೆ. ಪಾಪ, ಅವನ ಮೂಗಿಗೇನೂ ಆಗಿರುವುದಿಲ್ಲ.

ಯಾಕೆ ಹೀಗೆ? ಸೆಕೆಂಡ್ ಲೈಫ್ ಕ್ಯಾಮೆರಾ ಮಾಮೂಲಾಗಿ 60 ಡಿಗ್ರಿ ಅಗಲಕ್ಕೆ ನೋಡುತ್ತದೆ, ಅದೂ ಮೇಲಿನಿಂದ ಕೆಳಗಿನ ಲೆಕ್ಕದಲ್ಲಿ. ನಿಜವಾದ ಫುಲ್ ಫ್ರೇಮ್ ಕ್ಯಾಮೆರಾಗೆ ಹೋಲಿಸಿದರೆ ಇದು ಹೆಚ್ಚುಕಮ್ಮಿ 21 ಎಂಎಂ ಲೆನ್ಸ್. ಆ ಲೆನ್ಸ್ ಹಾಕಿಕೊಂಡು ಯಾವ ಸ್ಟುಡಿಯೋದವನೂ ಮುಖದ ಫೋಟೊ ತೆಗೆಯುವುದಿಲ್ಲ, ಮದುವೆ ಮಂಟಪ ಪೂರ್ತಿ ಹಿಡಿಸಬೇಕು ಅಂದಾಗ ಮಾತ್ರ ಹೊರಗೆ ತೆಗೆಯುತ್ತಾನೆ. ಓಡಾಡಲು, ಸುತ್ತ ನೋಡಲು ಈ ಅಗಲ ಬೇಕೇ ಬೇಕು. ಆದರೆ ಇದೇ ಲೆನ್ಸಿನಲ್ಲಿ ತಲೆ ಮತ್ತು ಭುಜ ಫ್ರೇಮು ತುಂಬಬೇಕಾದರೆ ಕ್ಯಾಮೆರಾ ಮುಖಕ್ಕೆ ಅರ್ಧ ಮೀಟರ್ ಹತ್ತಿರ ಬರಬೇಕಾಗುತ್ತದೆ. ಅಷ್ಟು ಹತ್ತಿರದಿಂದ ನೋಡಿದರೆ ಕ್ಯಾಮೆರಾಗೆ ಕಿವಿಗಿಂತ ಮೂಗು ತುಂಬಾ ಹತ್ತಿರ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಇಷ್ಟೇ ಕಥೆ.

ಪರಿಹಾರ ಬಹಳ ಸುಲಭ. ಕಂಟ್ರೋಲ್ ಹಿಡಿದು 0 ಒತ್ತಿ. ಒತ್ತಿದಷ್ಟೂ ನೋಟ ಕಿರಿದಾಗುತ್ತದೆ, ಮುಖ ಹತ್ತಿರ ಬಂದ ಹಾಗೆ ಕಾಣುತ್ತದೆ. ಈಗ ಆಲ್ಟ್ ಹಿಡಿದು ಮೌಸಿನಿಂದ ಕ್ಯಾಮೆರಾವನ್ನು ಹಿಂದಕ್ಕೆ ಎಳೆಯಿರಿ, ಮುಖ ಮತ್ತೆ ಮೊದಲಿನಷ್ಟೇ ಆಗುವವರೆಗೆ. ಮತ್ತೆ 0, ಮತ್ತೆ ಹಿಂದಕ್ಕೆ. ಐದಾರು ಸಲ ಹೀಗೆ ಮಾಡುತ್ತಾ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕಿವಿ ನಿಧಾನಕ್ಕೆ ಹೊರಗೆ ಬರುತ್ತದೆ, ಮೂಗು ಕೂತುಕೊಳ್ಳುತ್ತದೆ, ಜುಮುಕಿ ಕಾಣುತ್ತದೆ. ಲೆಕ್ಕವೇ ಬೇಕು ಅನ್ನುವವರಿಗೆ: ಡೀಬಗ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾಆ್ಯಂಗಲ್ ಅಂತ ಇದೆ, ರೇಡಿಯನ್ ಲೆಕ್ಕದಲ್ಲಿ. ಮಾಮೂಲಿ ಬೆಲೆ 1.047. ಅದನ್ನು 0.47 ಮಾಡಿದರೆ 50 ಎಂಎಂ ಲೆನ್ಸಿಗೆ ಸಮ, 0.28 ಮಾಡಿದರೆ 85 ಎಂಎಂ. ಪೋರ್ಟ್ರೇಟ್ ತೆಗೆಯುವವರು ಪ್ರಾಣ ಬಿಡುವುದು ಈ 85ಕ್ಕೇ. ಅದರಲ್ಲಿ ಅದೇ ತಲೆ-ಭುಜದ ಫೋಟೊಗೆ ಕ್ಯಾಮೆರಾ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ ನಿಲ್ಲುತ್ತದೆ. ಅಂಕಿ ಬೇಡ ಅಂದ್ರೆ ಆಲ್ಟ್ ಮತ್ತು ಪಿ ಒತ್ತಿದರೆ ಫೈರ್‌ಸ್ಟಾರ್ಮ್‌ನ ಫೋಟೊಟೂಲ್ಸ್ ತೆರೆಯುತ್ತದೆ, ಅಲ್ಲಿ ಇದಕ್ಕೆ ಸ್ಲೈಡರ್ ಇದೆ.

0.28ಕ್ಕಿಂತ ಕೆಳಗೆ ತೀರಾ ಇಳಿಯಬೇಡಿ. ಮುಖ ಆಧಾರ್ ಕಾರ್ಡಿನ ಫೋಟೊ ತರ ಚಪ್ಪಟೆ ಆಗುತ್ತದೆ. ನನಗೆ ಹಿಡಿಸುವುದು 0.3ರಿಂದ 0.4ರ ನಡುವೆ. ಮುಗಿದ ಮೇಲೆ ಕಂಟ್ರೋಲ್ ಮತ್ತು 9 ಒತ್ತಿ ಮೊದಲಿನ ಅಗಲಕ್ಕೆ ಬನ್ನಿ. ಮರೆತು ನಡೆಯಲು ಹೊರಟರೆ ಕೊಳವೆಯೊಳಗಿಂದ ಊರು ನೋಡಿದ ಹಾಗಿರುತ್ತದೆ. ಹಿಂದಕ್ಕೆ ಹೋಗುವಾಗ ಕ್ಯಾಮೆರಾ ಒಂದು ಕಡೆ ತಡೆದು ನಿಂತರೆ ಕಂಟ್ರೋಲ್, ಆಲ್ಟ್, ಡಿ ಒತ್ತಿ ಅಡ್ವಾನ್ಸ್ಡ್ ಮೆನು ತೆರೆದು ಅಲ್ಲಿ ಕ್ಯಾಮೆರಾ ಕನ್‌ಸ್ಟ್ರೇಂಟ್ಸ್ ತೆಗೆದುಹಾಕಿ.

ಕಣ್ಣಿನ ಕೆಳಗೆ ಕಪ್ಪು, ಇಲ್ಲವೇ ಸುಣ್ಣ ಬಳಿದ ಮುಖ

ಎರಡೂ ಬೆಳಕಿನದೇ ದೋಷ, ಆದರೆ ಪತ್ತೆ ಮಾಡುವ ದಾರಿ ಬೇರೆ ಬೇರೆ.

ಕಪ್ಪು ಇದ್ದರೆ ಮೊದಲು ಅದು ನೆರಳೋ ಬಣ್ಣವೋ ನೋಡಬೇಕು. ವರ್ಲ್ಡ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್, ಅದರೊಳಗೆ ಪರ್ಸನಲ್ ಲೈಟಿಂಗ್ ತೆರೆಯಿರಿ. ಅಲ್ಲಿ ಸೂರ್ಯನನ್ನು ಹಿಡಿದು ಎತ್ತ ಬೇಕೋ ಅತ್ತ ಎಳೆಯಬಹುದು. ಎಳೆಯುತ್ತಾ ಮುಖ ನೋಡಿ. ಸೂರ್ಯನ ಜೊತೆ ಕಪ್ಪೂ ಜರುಗಿದರೆ ನೆರಳು. ಸೂರ್ಯ ಎಲ್ಲೇ ಹೋದರೂ ಕಪ್ಪು ಕದಲದಿದ್ದರೆ ಅದು ಸ್ಕಿನ್ ಮೇಲೆ ಬರೆದದ್ದು. ಹಳೇ ಸ್ಕಿನ್‌ಗಳಲ್ಲಿ ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಕತ್ತಿನ ಕೆಳಗೆ ನೆರಳನ್ನು ಚಿತ್ರದಲ್ಲೇ ಬರೆದುಬಿಡುತ್ತಿದ್ದರು, ಆಗ ವ್ಯೂಯರ್‌ಗೆ ನೆರಳು ಬೀಳಿಸಲು ಬರುತ್ತಿರಲಿಲ್ಲ. ಈಗ ನಿಜವಾದ ನೆರಳೂ ಬಿದ್ದು, ಬರೆದ ನೆರಳೂ ಸೇರಿ, ಹತ್ತು ದಿನ ನಿದ್ದೆಗೆಟ್ಟವಳ ಮುಖ. ಅದಕ್ಕೆ ಹೊಸ ಸ್ಕಿನ್ ಒಂದೇ ಮದ್ದು, ಕೊಳ್ಳುವ ಮೊದಲು ಡೆಮೊ ಹಾಕಿ ನೋಡಿ.

ನೆರಳೇ ಆಗಿದ್ದರೆ ಸೂರ್ಯ ನೆತ್ತಿಯ ಮೇಲಿದ್ದಾನೆ ಅಂತ ಅರ್ಥ. ಅಲ್ಲಿಯ ಒಂದು ದಿನ ಅಂದರೆ ಮಾಮೂಲಾಗಿ ನಮ್ಮ 4 ಗಂಟೆ, 3 ಗಂಟೆ ಹಗಲು, 1 ಗಂಟೆ ರಾತ್ರಿ. ಅಂದರೆ ನೀವು ಸೀರೆ ಬದಲಿಸಿ ಬರುವಷ್ಟರಲ್ಲಿ ಬೆಳಕು ಬೇರೆ ಆಗಿರುತ್ತದೆ. ಪರ್ಸನಲ್ ಲೈಟಿಂಗ್‌ನಲ್ಲಿ ಸೂರ್ಯನನ್ನು ಕೆಳಗಿಳಿಸಿ, ನಿಮ್ಮ ಎದುರಿಗೆ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ. ಬೆಳಗ್ಗೆ ಎಂಟು ಗಂಟೆಗೆ ಅಂಗಳದಲ್ಲಿ ನಿಂತರೆ ಮುಖಕ್ಕೆ ಬಿಸಿಲು ಹೇಗೆ ಬೀಳುತ್ತದೋ ಹಾಗೆ. ಇದು ನಿಮ್ಮ ಪರದೆಯಲ್ಲಿ ಮಾತ್ರ, ಪಕ್ಕದವರ ಆಕಾಶಕ್ಕೆ ಏನೂ ಆಗುವುದಿಲ್ಲ.

ಇನ್ನು ಸುಣ್ಣ ಬಳಿದ ಮುಖ. ಇದರ ಹಿಂದೆ ಹೆಚ್ಚಿನ ಸಲ ಇರುವುದು ಫೇಸ್‌ಲೈಟ್. ಹಿಂದೆ ಎಲ್ಲರೂ ಮುಖದ ಮುಂದೆ ಕಾಣದ ದೀಪ ಕಟ್ಟಿಕೊಂಡು ಓಡಾಡುತ್ತಿದ್ದರು. ಆಗಿನ ವ್ಯೂಯರ್‌ಗೆ ಅದು ಸರಿ, ಈಗಿನದಕ್ಕೆ ಜಾಸ್ತಿ. ನಾನು ಹಾಕಿಲ್ಲ ಅನ್ನುತ್ತೀರಿ, ಗೊತ್ತು. ಒಬ್ಬಳು ಗೆಳತಿಯೂ ಹಾಗೇ ಅಂದಳು. "ಅಕ್ಕಾ, ನನ್ನ ಹತ್ತಿರ ಯಾವ ಲೈಟೂ ಇಲ್ಲ, ಆದ್ರೂ ಮುಖ ಟ್ಯೂಬ್‌ಲೈಟ್ ಥರ ಇದೆ." ಒಂದೊಂದೇ ಆಭರಣ ತೆಗೆಸಿದೆ. ಸರ ತೆಗೆದಳು, ಬಳೆ ತೆಗೆದಳು, ಏನೂ ಬದಲಾಗಲಿಲ್ಲ. ಕೂದಲು ತೆಗೆದ ಕೂಡಲೇ ಮುಖ ಸರಿಹೋಯಿತು. ಕೂದಲು ಮಾಡಿದವರು ಅದರೊಳಗೇ ದೀಪ ಇಟ್ಟಿದ್ದರು! ಇಷ್ಟೆಲ್ಲ ತೆಗೆಯುವ ಮೊದಲು ಗ್ರಾಫಿಕ್ಸ್ ಪ್ರಿಫರೆನ್ಸ್‌ನಲ್ಲಿ ಅಟ್ಯಾಚ್ಡ್ ಲೈಟ್ಸ್ ಟಿಕ್ ತೆಗೆದು ನೋಡಿ. ಮುಖ ಸರಿಯಾದರೆ ಕಳ್ಳ ನಿಮ್ಮ ಮೈಮೇಲೋ ಪಕ್ಕದಲ್ಲಿ ನಿಂತವರ ಮೈಮೇಲೋ ಇದ್ದಾನೆ. ಆಗದಿದ್ದರೆ ಆ ಜಾಗದಲ್ಲಿ ಯಾರೋ ದೀಪ ಇಟ್ಟಿದ್ದಾರೆ, ಬೇರೆ ಕಡೆ ಹೋಗಿ.

ಸೂರ್ಯ ಒಬ್ಬನೇ ಸಾಲದಿದ್ದರೆ ನೀವೇ ದೀಪ ಮಾಡಿಕೊಳ್ಳಿ. ಕಟ್ಟಲು ಬಿಡುವ ಜಾಗದಲ್ಲಿ, ಯಾರು ಬೇಕಾದರೂ ಕಟ್ಟಬಹುದಾದ ಸ್ಯಾಂಡ್‌ಬಾಕ್ಸ್ ಆದರೂ ಸರಿ, ಒಂದು ಪ್ರಿಮ್ (ಕಟ್ಟಲು ಸಿಗುವ ಸಾದಾ ಆಕಾರದ ತುಂಡು) ಹಾಕಿ ಫೀಚರ್ಸ್ ಟ್ಯಾಬ್‌ನಲ್ಲಿ ಲೈಟ್ ಆನ್ ಮಾಡಿ. ನಾನು ಇಡುವ ಕ್ರಮ: ಮುಖದಿಂದ ಒಂದೂವರೆ ಮೀಟರ್ ದೂರ, ಎಡಕ್ಕೆ ನಲವತ್ತೈದು ಡಿಗ್ರಿ, ಕಣ್ಣಿಗಿಂತ ಒಂದು ಮೊಳ ಮೇಲೆ. ತೀವ್ರತೆ 1ರವರೆಗೆ ಹೋಗುತ್ತದೆ, ನನಗೆ 0.4 ಸಾಕು. ಬಣ್ಣ ಅಚ್ಚ ಬಿಳಿ ಬೇಡ, ಸ್ವಲ್ಪ ಕೆನೆ ಬಣ್ಣ ಇರಲಿ, ನಮ್ಮಂಥ ಗೋಧಿ ಬಣ್ಣದ, ಕಪ್ಪು ಬಣ್ಣದ ಸ್ಕಿನ್‌ಗೆ ಅಚ್ಚ ಬಿಳಿ ಬೆಳಕು ಬಿದ್ದರೆ ಬೂದಿ ಹಚ್ಚಿದ ಹಾಗಾಗುತ್ತದೆ. ಇನ್ನೊಂದು ಪಕ್ಕ ತೀರಾ ಕಪ್ಪಾದರೆ ಅಲ್ಲಿ 0.1ರ ಇನ್ನೊಂದು ದೀಪ. ಮದುವೆ ಫೋಟೊದವರು ಥರ್ಮೋಕೋಲ್ ಹಿಡಿದುಕೊಂಡು ನಿಲ್ಲಿಸುತ್ತಾರಲ್ಲ ಹುಡುಗನನ್ನ, ಆ ಕೆಲಸ ಇದರದ್ದು. ದೀಪದ ನೆರಳೂ ಬೇಕು ಅಂದ್ರೆ ಅದನ್ನು ಪ್ರೊಜೆಕ್ಟರ್ (ಒಂದೇ ದಿಕ್ಕಿಗೆ ಬೆಳಕು ಚೆಲ್ಲುವ ದೀಪ) ಮಾಡಬೇಕು, ಗ್ರಾಫಿಕ್ಸ್‌ನಲ್ಲಿ ಪ್ರೊಜೆಕ್ಟರ್ ನೆರಳನ್ನೂ ಆನ್ ಮಾಡಬೇಕು. ಒಂದು ಸಲಕ್ಕೆ ಎರಡು ಪ್ರೊಜೆಕ್ಟರ್‌ಗಳ ನೆರಳು ಮಾತ್ರ ಬೀಳುತ್ತದೆ. ಮೂರನೆಯದು ಯಾಕೆ ನೆರಳು ಕೊಡ್ತಿಲ್ಲ ಅಂತ ನನ್ನ ಹಾಗೆ ಒಂದು ರಾತ್ರಿ ಹಾಳು ಮಾಡಿಕೊಳ್ಳಬೇಡಿ.

ಕೆನ್ನೆಯ ಮೇಲೆ ಬಿದ್ದ ನೆರಳಿನ ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದರೆ ಫೋಟೊಟೂಲ್ಸ್‌ನಲ್ಲಿ ನೆರಳಿನ ರೆಸಲ್ಯೂಷನ್ ಏರಿಸಿ, ಫೋಟೊ ತೆಗೆದು ತಕ್ಷಣ ಇಳಿಸಿ. ನನ್ನ ಹಳೇ ಲ್ಯಾಪ್‌ಟಾಪ್ 3ಕ್ಕೆ ಏರಿಸಿದರೆ ಮಿಕ್ಸಿ ಥರ ಕೂಗಿ ಮಲಗಿಬಿಡುತ್ತಿತ್ತು.

ಕತ್ತಿನಲ್ಲಿ ಗೆರೆ

ತಲೆ ಒಂದು ಬಣ್ಣ, ಮೈ ಒಂದು ಬಣ್ಣ. ತಲೆ ಒಬ್ಬರ ಅಂಗಡಿಯದು, ಮೈ ಇನ್ನೊಬ್ಬರದು, ಹೊಂದದಿದ್ದರೆ ಆಶ್ಚರ್ಯ ಏನಿಲ್ಲ. ಎರಡಕ್ಕೂ ಒಂದೇ ಸ್ಕಿನ್ ತಯಾರಕರ ಒಂದೇ ಟೋನ್ ಹಾಕಿದ್ದೀರಾ ನೋಡಿ. 2019ರಲ್ಲಿ ಬೇಕ್ಸ್ ಆನ್ ಮೆಶ್ (ಸರ್ವರ್‌ನಲ್ಲಿ ಬೆಂದ ಚರ್ಮವನ್ನೇ ಕೊಂಡು ತಂದ ತಲೆ, ಮೈಗೂ ಹಾಕುವ ವ್ಯವಸ್ಥೆ) ಬಂದ ಮೇಲೆ ತಲೆ ಮತ್ತು ಮೈ ಎರಡೂ ಒಂದೇ ಕಡೆಯಿಂದ ಚರ್ಮ ತೆಗೆದುಕೊಳ್ಳಬಹುದು. ಒಂದು ಹಾಗಿದ್ದು ಇನ್ನೊಂದು ಹಳೇ ಅಪ್ಲೈಯರ್‌ನಲ್ಲಿ (ಆಯಾ ಭಾಗಕ್ಕೆ ಬೇರೆಯಾಗಿ ಚರ್ಮ ಹಚ್ಚುವ ಸಾಧನ) ಇದ್ದರೆ ಗೆರೆ ಖಂಡಿತ. ಬಣ್ಣ ಒಂದೇ ಇದ್ದೂ ಗೆರೆ ಕಂಡರೆ ಹೊಳಪು ನೋಡಿ: ಮೈಗೆ ಎಣ್ಣೆ ಹಚ್ಚಿದ ಹಾಗೆ ಮಿಂಚು, ಮುಖ ಒಣ. ಎರಡರ ಹಡ್‌ನಲ್ಲೂ (ಅವುಗಳ ಜೊತೆ ಬರುವ, ಪರದೆಯ ಮೇಲಿನ ಬಟನ್ ಫಲಕ) ಹೊಳಪು ಒಂದೇ ಮಟ್ಟಕ್ಕೆ ತನ್ನಿ. ಇದ್ಯಾವುದೂ ಬೇಡ ಅಂದ್ರೆ ಅಡ್ಡಿಕೆ ಹಾಕಿಕೊಳ್ಳಿ, ನಾನು ಎಷ್ಟೋ ಸಲ ಹಾಗೇ ಪಾರಾಗಿದ್ದೇನೆ.

ಕೂದಲಿನ ಸುತ್ತ ತೂತು, ರೆಪ್ಪೆ ಮಾಯ, ಅಂಚು ಕಲಸಿದ ಹಾಗೆ

ಇದು ನಿಮ್ಮ ತಪ್ಪೂ ಅಲ್ಲ, ಪೂರ್ತಿ ಸರಿಹೋಗುವಂಥದ್ದೂ ಅಲ್ಲ. ಕೂದಲು, ರೆಪ್ಪೆ, ನೀರು, ಮರದ ಎಲೆ ಎಲ್ಲವೂ ಅರೆಪಾರದರ್ಶಕ ಹಾಳೆಗಳು. ಅವುಗಳಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅಂತ ವ್ಯೂಯರ್ ವಸ್ತುವಿನ ದೂರ ನೋಡಿ ಸಾಲು ಹಚ್ಚುತ್ತದೆ, ಒಂದೊಂದು ಚುಕ್ಕೆಗೂ ಲೆಕ್ಕ ಹಾಕುವುದಿಲ್ಲ. ಸಾಲು ತಪ್ಪಿದರೆ ಮುಂದಿನ ಕೂದಲು ಹಿಂದಿನ ರೆಪ್ಪೆಯನ್ನು ನುಂಗುತ್ತದೆ. ಪತ್ತೆಗೆ ಕಂಟ್ರೋಲ್, ಆಲ್ಟ್, ಟಿ ಒತ್ತಿ. ಪಾರದರ್ಶಕ ಇದ್ದದ್ದೆಲ್ಲ ಕೆಂಪಾಗಿ ಕಾಣುತ್ತದೆ. ಮುಖದ ಹಿಂದೆ ದೊಡ್ಡ ಕೆಂಪು ಹಾಳೆ ಕಂಡರೆ, ಕಿಟಕಿ ಗಾಜು, ಬಳ್ಳಿ, ಮಂಜು ಏನೋ ಒಂದು, ಅದರಿಂದ ಜರುಗಿ ಗೋಡೆ ಮುಂದೆ ನಿಲ್ಲಿ. ಕೂದಲು ಮಾಡಿಫೈ ಇದ್ದರೆ, ಅಂದರೆ ಮಾರಿದವರು ಬದಲಾಯಿಸಲು ಬಿಟ್ಟಿದ್ದರೆ, ಟೆಕ್ಸ್ಚರ್ ಟ್ಯಾಬ್‌ನಲ್ಲಿ ಆಲ್ಫಾ ಬ್ಲೆಂಡಿಂಗ್ ಬದಲು ಆಲ್ಫಾ ಮಾಸ್ಕಿಂಗ್ ಹಾಕಿ. ಅಂಚು ಸ್ವಲ್ಪ ಒರಟಾಗುತ್ತದೆ, ತೂತು ಹೋಗುತ್ತದೆ.

ಹಿನ್ನೆಲೆ ಮಸುಕು ಮಾಡುವ ಡೆಪ್ತ್ ಆಫ್ ಫೀಲ್ಡ್ ಆನ್ ಮಾಡಿದಾಗ ಕೂದಲಿನ ತುದಿಯೂ ಹಿನ್ನೆಲೆ ಜೊತೆ ಮಸುಕಾಗುವುದಕ್ಕೂ ಇದೇ ಕಾರಣ. ಅಂಥ ಹಾಳೆ ಎಷ್ಟು ದೂರದಲ್ಲಿದೆ ಅಂತ ವ್ಯೂಯರ್ ಬರೆದಿಟ್ಟುಕೊಳ್ಳುವುದಿಲ್ಲ, ಹಿಂದಿರುವ ಗೋಡೆಯ ದೂರವನ್ನೇ ಕೂದಲಿಗೂ ಹಚ್ಚುತ್ತದೆ. ನಾನು ಮಾಡುವುದು ಹೀಗೆ: ಕ್ಯಾಮೆರಾ ಅಲುಗಿಸದೆ ಎರಡು ಫೋಟೊ, ಒಂದು ಮಸುಕಿನ ಜೊತೆ, ಒಂದು ಮಸುಕಿಲ್ಲದೆ. ಆಮೇಲೆ ಗಿಂಪ್ ಅನ್ನುವ ಫೋಟೊ ಎಡಿಟರ್‌ನಲ್ಲಿ ಒಂದರ ಮೇಲೊಂದು ಇಟ್ಟು ಕೂದಲಿನ ಭಾಗ ಮಾತ್ರ ಒರೆಸಿ ತೆಗೆಯುವುದು. ಹತ್ತು ನಿಮಿಷದ ಕೆಲಸ. ಮುಖವೇ ಮಸುಕಾಗಿದ್ದರೆ ಫೋಕಸ್ ಬೇರೆಲ್ಲೋ ಇದೆ, ಆಲ್ಟ್ ಹಿಡಿದು ಕಣ್ಣಿನ ಮೇಲೆ ಕ್ಲಿಕ್ ಮಾಡಿ.

ಕಣ್ಣು ಎಲ್ಲೋ, ಕೈ ಎಲ್ಲೋ

ಅವತಾರ್ ಮೌಸನ್ನು ನೋಡುತ್ತದೆ, ನಿಮ್ಮನ್ನಲ್ಲ. ಸ್ನ್ಯಾಪ್‌ಶಾಟ್ ಬಟನ್ ಒತ್ತಲು ಮೌಸ್ ಮೂಲೆಗೆ ಹೋದರೆ ಮುಖವೂ ಆ ಕಡೆ ತಿರುಗುತ್ತದೆ, ಫೋಟೊದಲ್ಲಿ ಬಸ್ಸು ಬಂತಾ ಅಂತ ನೋಡುವ ಮುಖ. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಸ್ನ್ಯಾಪ್‌ಶಾಟ್ ಕಿಟಕಿ ತೆರೆದು, ನೋಟ ಸರಿಯಾದಾಗ ಫ್ರೀಜ್ ಫ್ರೇಮ್ ಟಿಕ್ ಮಾಡಿ, ಎಲ್ಲ ಅಲ್ಲೇ ನಿಲ್ಲುತ್ತದೆ, ಕಣ್ಣು ಮಿಟುಕಿಸುವುದೂ. ಇಲ್ಲದಿದ್ದರೆ ಕಂಟ್ರೋಲ್ ಹಿಡಿದು ಬ್ಯಾಕ್‌ಟಿಕ್ (`) ಕೀ ಒತ್ತಿದರೆ ಮೌಸ್ ಮುಟ್ಟದೇ ಫೋಟೊ ಉಳಿಯುತ್ತದೆ.

ಪೋಸ್ ಹಾಕಿದರೂ ಕೈ ಮಾತ್ರ ತನ್ನ ಪಾಡಿಗೆ ಆಡುತ್ತಿದ್ದರೆ ಎಓ (ಅವತಾರ್ ನಿಲ್ಲುವ, ನಡೆಯುವ ಚಲನೆಗಳನ್ನು ಬದಲಿಸುವ ಸಾಧನ) ಆಫ್ ಮಾಡಿ. ಪ್ರತಿ ಆ್ಯನಿಮೇಷನ್‌ಗೂ ಒಂದು ಪ್ರಿಯಾರಿಟಿ ಇರುತ್ತದೆ, ನಿಮ್ಮ ಎಓದು ಪೋಸ್‌ಗಿಂತ ಜೋರಾಗಿದ್ದರೆ ಅದೇ ಗೆಲ್ಲುತ್ತದೆ. ತಲೆಯ ಹಡ್‌ನಲ್ಲಿ ನಗುವಿನ ಆ್ಯನಿಮೇಷನ್ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ. ನಿನ್ನೆ ಕುದುರೆಯೋ ನಾಯಿಯೋ ಆಗಿ ಆಡಿ ಇವತ್ತು ದವಡೆ ಸೊಟ್ಟಗಿದ್ದರೆ ಗಾಬರಿ ಬೇಡ, ಮೈಮೇಲೆ ರೈಟ್ ಕ್ಲಿಕ್ ಮಾಡಿ ರಿಸೆಟ್ ಸ್ಕೆಲಿಟನ್ ಕೊಡಿ.

ಪರದೆಯಲ್ಲಿ ಚೆಂದ, ಫೈಲಿನಲ್ಲಿ ಕೆಟ್ಟದು

ಡಿಸ್ಕಿಗೆ, ಪಿಎನ್‌ಜಿಯಾಗಿ, ಕಿಟಕಿಯ ಎರಡರಷ್ಟು ಗಾತ್ರದಲ್ಲಿ ಉಳಿಸಿ, ಆಮೇಲೆ ಅರ್ಧಕ್ಕೆ ಇಳಿಸಿದರೆ ಅಂಚುಗಳ ಒರಟು ಹೋಗುತ್ತದೆ. ಗಾತ್ರ ಏರಿಸಿದಾಗ ಹಿನ್ನೆಲೆಯ ಮಸುಕು ಪರದೆಯಲ್ಲಿ ಕಂಡಷ್ಟೇ ಬರುತ್ತದೆ ಅಂದುಕೊಳ್ಳಬೇಡಿ, ಒಂದು ಫೋಟೊ ತೆಗೆದು ಫೈಲ್ ತೆರೆದು ನೋಡಿ ಆಮೇಲೆ ಮುಂದುವರಿಸಿ. ಇನ್ವೆಂಟರಿಗೆ (ಅಲ್ಲಿಯ ನಿಮ್ಮ ಸಾಮಾನಿನ ಪೆಟ್ಟಿಗೆ) ಉಳಿಸಿದರೆ ಲಿಂಡೆನ್ ಡಾಲರ್ (ಅಲ್ಲಿಯ ದುಡ್ಡು) ಕತ್ತರಿಸುತ್ತದೆ, ಜೊತೆಗೆ ಬದಿಗಳನ್ನು 256, 512, 1024ರಂಥ ಅಳತೆಗೆ ಒತ್ತಿಬಿಡುತ್ತದೆ. ಮುಖ ಎಳೆದ ಹಾಗೋ ಒತ್ತಿದ ಹಾಗೋ ಇದ್ದರೆ ಕಾರಣ ಅದು. ಮೊದಲೇ ಚೌಕಾಕಾರಕ್ಕೆ ಕತ್ತರಿಸಿ ಏರಿಸಿ.

ಇನ್ನೂ ಒಪ್ಪುತ್ತಿಲ್ಲವಾ? ಈಗ ಶೇಪ್

ಮೊದಲು ಶೇಪ್‌ನ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಕಾಪಿಯಲ್ಲಿ ಕೆಲಸ ಮಾಡಿ, ಮೂಲ ಮುಟ್ಟಬೇಡಿ. ಪ್ರತಿ ಬದಲಾವಣೆಯನ್ನು ಎದುರಿನಿಂದ, ಪಕ್ಕದಿಂದ, ಮುಕ್ಕಾಲು ತಿರುಗಿದ ಮುಖದಿಂದ, ಮೂರೂ ಕಡೆಯಿಂದ ನೋಡಿ, ಅದೂ ಕಿರಿದು ಮಾಡಿದ ಲೆನ್ಸಿನಲ್ಲೇ. ಎಲ್ಲ ಸರಿ ಇದ್ದೂ ಮುಖ ಗೊಂಬೆ ಥರ ಅನಿಸಿದರೆ ತಲೆಯ ಟ್ಯಾಬ್‌ನಲ್ಲಿ ಫೇಸ್ ಶಿಯರ್ ಅನ್ನು 50ರಿಂದ 52ಕ್ಕೆ ತನ್ನಿ. ಒಂದು ಪಕ್ಕ ಕೂದಲೆಳೆಯಷ್ಟು ಕೆಳಗೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅಚ್ಚಿನಿಂದ ತೆಗೆದ ಹಾಗೆ ಇರುವುದಿಲ್ಲ. 55 ದಾಟಿದರೆ ಹಲ್ಲುನೋವು ಬಂದವರ ಮುಖ ಆಗುತ್ತದೆ.

ನಾನು ಆ ಮೂರು ವಾರಗಳಲ್ಲಿ ಕಾಪಿ ಇಟ್ಟಿರಲಿಲ್ಲ. ಮೂಗಿನ ಮೊದಲಿನ ಅಂಕಿ ಎಷ್ಟಿತ್ತು ಅಂತ ನೆನಪಿಲ್ಲ, ಆ ಬದನೆಕಾಯಿ ಫೋಟೊ ನೋಡಿಕೊಂಡು ಅಂದಾಜಿನಲ್ಲಿ ವಾಪಸ್ ತಂದೆ. ಅದೇ ಹಸಿರು ಸೀರೆ, ಅದೇ ಮಲ್ಲಿಗೆ, ಲೆನ್ಸ್ 0.35, ಸೂರ್ಯ ಎಡಕ್ಕೆ. ಜುಮುಕಿ ಎರಡೂ ಕಾಣುತ್ತಿವೆ.